ಗಿಡಗನ ಗುಡ್ಡದ ದೊಣೆ

ಆ ಬೆಂಗಾಡಿನಲ್ಲಿ ಬೇಸಿಗೆ ಬಂತೆಂದರೆ ಮಧ್ಯಾಹ್ನದ ಹೊತ್ತು ಕಾಗೆಗಳು ನಡೆದುಕೊಂಡೇ ಹೋಗುತ್ತವೆ. ಹಾರಿದರೆ ಸೂರ್ಯನಿಗೆ ಇನ್ನಷ್ಟು ಹತ್ತಿರವಾಗುತ್ತದಲ್ಲ!

ಕಣ್ಣು ಹಾಯಿಸಿದಷ್ಟೂ ಬಂಡೆ. ಬಂಡೆಯ ಮೇಲೊಂದು ಬಂಡೆ, ಅದರ ಮೇಲೆ ಈಗಲೋ ಆಗಲೋ ಬೀಳುವಂತೆ ಇನ್ನೊಂದು. ಲೋಕ ಕಟ್ಟಿ ಮುಗಿಸಿದ ಬ್ರಹ್ಮ ಮಿಕ್ಕ ಕಲ್ಲನ್ನೆಲ್ಲ ಇಲ್ಲಿ ಸುರಿದು, ನಾಳೆ ಬಂದು ಒಯ್ಯುತ್ತೇನೆ ಎಂದು ಹೋದವನು ಬರಲೇ ಇಲ್ಲ.

ಆ ಕಲ್ಲುಗಳ ನಡುವಿನ ದಾರಿಯಲ್ಲಿ ಎರಡು ಸೈಕಲ್ಲು ಹೋಗುತ್ತಿದ್ದವು. ಮುಂದಿನದರ ಮೇಲೆ ಶಿಷ್ಯ ಗುದ್ನೆಪ್ಪ. ಹಿಂದಿನದರ ಮೇಲೆ ಗುರು ಉಳವಯ್ಯಜ್ಜ.

ಬೇರೆ ಮಠದವರು ಬೇಸಿಗೆಗೆ ಕಾಶಿ, ಕೇದಾರ ಎಂದು ಹೊರಟರೆ ಉಳವಯ್ಯಜ್ಜ ದೊಣೆಗಳ ಸುತ್ತಿಗೆ ಹೊರಡುತ್ತಿದ್ದ. ದೊಣೆ ಎಂದರೆ ಬಂಡೆಯ ಮೇಲೆ ತಾನಾಗಿ ಆದ ಗುಂಡಿ. ಮಳೆಗಾಲದ ನೀರು ಅದರಲ್ಲಿ ಬೇಸಿಗೆ ಮುಗಿಯುವ ತನಕ ನಿಂತಿರುತ್ತದೆ. ಕುರಿ, ಹಕ್ಕಿ, ದಾರಿಹೋಕರು ಜೀವ ಹಿಡಿಯುವುದು ಆ ನೀರಿನ ಮೇಲೆ.

ಏಳು ಗುಡ್ಡ, ಏಳು ದೊಣೆ. ರೋಹಿಣಿ ಮಳೆ ಬೀಳುವುದರೊಳಗೆ ಅವುಗಳಲ್ಲಿ ಬಿದ್ದ ಎಲೆ, ಕಸ, ಸತ್ತ ಅಳಿಲು ತೆಗೆದು ಹಸನು ಮಾಡಿ ಬರಬೇಕು. ಅಜ್ಜನಿಗೆ ಈ ಸುತ್ತನ್ನು ಕೊಟ್ಟವನು ಅವನ ಗುರು. ಆ ಗುರುವಿಗೆ ಅವನ ಗುರು.

ಗುದ್ನೆಪ್ಪನಿಗೆ ಒಂದು ಕಾಲಕ್ಕೆ ಪಂಕ್ಚರ್ ಅಂಗಡಿ ಇತ್ತು. ಹನ್ನೊಂದು ವರ್ಷದ ಹಿಂದೆ ಅಜ್ಜನ ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುತ್ತಾ ಕೂತವನು, ಅಜ್ಜ ಹೇಳುತ್ತಿದ್ದ ಕಥೆ ಮುಗಿಯಲಿ ಎಂದು ಕಾದ. ಅದು ಮುಗಿಯಲಿಲ್ಲ. ಹಾಗೇ ಹಿಂದೆ ಬಂದುಬಿಟ್ಟ.

ಈ ವರ್ಷ ಹೊರಡುವ ದಿನ ಅಜ್ಜ ಹೇಳಿದ್ದ: "ಈ ಸಲ ನೀ ಮುಂದ, ನಾ ಹಿಂದ. ಏಳೂ ಗುಡ್ಡ ಸುತ್ತಿಸಿ ನನ್ನ ಮಠಕ್ಕ ಕರಕೊಂಡು ಬಾ. ಬಂದಮ್ಯಾಲ ಸುತ್ತು ನಿನ್ನದು."

ಅವತ್ತಿನಿಂದ ಗುದ್ನೆಪ್ಪನಿಗೆ ಊಟ ಸೇರಲಿಲ್ಲ. ರೊಟ್ಟಿ ಎಂಟಕ್ಕಿಂತ ಹೆಚ್ಚು ಇಳಿಯುತ್ತಲೇ ಇರಲಿಲ್ಲ.

*

ಮೊದಲ ಮೂರು ಗುಡ್ಡ ಸಲೀಸಾಗಿ ಮುಗಿದವು.

ಗುದ್ನೆಪ್ಪ ದಾರಿ ತಪ್ಪಲಿಲ್ಲ. ಸೈಕಲ್ಲುಗಳನ್ನು ಬೇವಿನ ಮರದ ಬುಡಕ್ಕೆ ಒರಗಿಸಿ, ಹಾರೆ, ಸಲಿಕೆ, ಬುಟ್ಟಿ ಹೆಗಲಿಗೇರಿಸಿ, ಬರಿಗಾಲಲ್ಲಿ ಬಂಡೆ ಹತ್ತಿದ. ಕಡಿದಾದ ಕಡೆ ನಿಂತು ಅಜ್ಜನಿಗೆ ಕೈ ಕೊಟ್ಟ. ಬಿಸಿಲು ಬಡಿಯದಿರಲಿ ಎಂದು ಅಜ್ಜನ ರುಮಾಲಿನೊಳಗೆ ಒಂದು ಉಳ್ಳಾಗಡ್ಡಿ ಇಟ್ಟು ಕಟ್ಟಿದ.

"ಎರಡಿಡು," ಎಂದ ಅಜ್ಜ.

"ಎರಡ್ಯಾಕ್ರಿ?"

"ಒಂದು ಬಿಸಿಲಿಗೆ. ಇನ್ನೊಂದು ರೊಟ್ಟಿಗೆ."

ಅಜ್ಜ ಕೆಲಸಕ್ಕೆ ಕೈ ಹಚ್ಚಲಿಲ್ಲ. ಬಾಯಿಗೆ ಮಾತ್ರ ಬಿಡುವು ಕೊಡಲಿಲ್ಲ.

"ನಿನ್ನ ವಯಸ್ಸಿನ್ಯಾಗ ಈ ಏರು ನಾ ಸೈಕಲ್ಲು ತಲಿ ಮ್ಯಾಲ ಹೊತಗೊಂಡು ಓಡತಿದ್ದೆ. ಅರ್ಧ ಹಾದ್ಯಾಗ ಸೈಕಲ್ಲಿಗೇ ದಣಿವಾಗಿ, ಕೆಳಗ ಇಳಸ್ರಿ ಅಜ್ಜಾರ ಅಂತಿತ್ತು."

"ಇಳಸ್ತಿದ್ರೇನು?"

"ಇಳಸ್ತಿದ್ದೆ. ಎಷ್ಟಂದ್ರೂ ಮೂಕಪ್ರಾಣಿ ಅಲ್ಲೇನೋ ಅದು."

ಮೂರನೆಯ ಗುಡ್ಡ ಇಳಿಯುವಾಗ ಗುದ್ನೆಪ್ಪ ತಡೆಯಲಾರದೆ ಕೇಳಿಯೇಬಿಟ್ಟ.

"ಅಜ್ಜಾರ, ನಾ ತಯಾರಾಗೀನಿ ಅಂತ ನಿಮಗ ಹ್ಯಾಂಗ ಗೊತ್ತಾಗ್ತೈತ್ರಿ?"

ಅಜ್ಜ ಯೋಚಿಸಲಿಲ್ಲ.

"ಹಿಂದ ಬರೋ ಮುದುಕಗ ನಿದ್ದಿ ಬಂತಂದ್ರ ಗೊತ್ತಾಗ್ತೈತಿ."

*

ನಾಲ್ಕನೆಯದು ಗಿಡಗನ ಗುಡ್ಡ.

ಅದರ ಹೆಗಲಿನ ಮೇಲೆ ಒಂದು ಎತ್ತಿನ ಬಂಡಿ ಹಿಡಿಯುವಷ್ಟು ದೊಡ್ಡ ದೊಣೆ. ನಡು ಮುಟ್ಟುವಷ್ಟು ನೀರು ಇನ್ನೂ ಇತ್ತು. ಸುತ್ತ ಒಂದು ಹರದಾರಿಯೊಳಗೆ, ಎಂದರೆ ಮೂರು ಮೈಲಿಯೊಳಗೆ, ಬೇರೆ ನೀರಿಲ್ಲ. ದುರುಗವ್ವ ಎಂಬಾಕೆ ಮೂವತ್ತೆರಡು ಆಡು ಕಟ್ಟಿಕೊಂಡು ಪ್ರತಿ ಬೇಸಿಗೆ ಈ ಗುಡ್ಡದ ಬುಡದಲ್ಲಿ ಗುಡಾರ ಹಾಕುತ್ತಿದ್ದಳು, ಈ ದೊಣೆಯನ್ನೇ ನಂಬಿ.

ಬಂಡೆ ಎಷ್ಟು ಕಾದಿತ್ತೆಂದರೆ, ಒಂದು ಓತಿಕ್ಯಾತ ಅಜ್ಜನ ಚಪ್ಪಲಿಯನ್ನೇ ಆಸೆಗಣ್ಣಿನಿಂದ ನೋಡುತ್ತಿತ್ತು.

"ಯಾವತ್ತಿನಂಗ ಮ್ಯಾಲಿನ ಎಲಿ ತಗದ್ರ ಸಾಕು ಇಲ್ಲಿ," ಎಂದು ಹೇಳಿ ಅಜ್ಜ ದೊಣೆಯ ಕೆಳಗಡೆ ಚಾಚಿಕೊಂಡಿದ್ದ ಕಲ್ಲಿನ ನೆರಳಿಗೆ ಇಳಿದ. ರುಮಾಲು ಬಿಚ್ಚಿ ತಲೆದಿಂಬು ಮಾಡಿಕೊಂಡ.

ಗುದ್ನೆಪ್ಪ ಎಲೆ ತೆಗೆದ. ಅಷ್ಟರಲ್ಲಿ ಕೆಳಗಿನಿಂದ ಗೊರಕೆ ಕೇಳಿಸಿತು.

ಅವನು ಬಗ್ಗಿ ನೋಡಿದ. ಅಜ್ಜ ಬಾಯಿ ತೆರೆದು ಮಲಗಿದ್ದ. ಗಡ್ಡ ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು.

ನಿದ್ದೆ!

ಗುದ್ನೆಪ್ಪನ ಎದೆ ಟೈರಿನ ಹಾಗೆ ಉಬ್ಬಿತು. ಎಲೆ ತೆಗೆದರೆ ಸಾಕಂತೆ! ಇವತ್ತು ಈ ದೊಣೆಯನ್ನು ಹೇಗೆ ತೊಳೆದಿಡಬೇಕೆಂದರೆ, ಅಜ್ಜ ಎದ್ದು ಬಂದು ನೋಡಿ, ಇದು ನೀರೋ ಗಾಜೋ ಎಂದು ಬೆರಳಿಂದ ಮುಟ್ಟಬೇಕು.

ನೀರಿಗಿಳಿದ. ಕಾಲಲ್ಲಿ ತಳ ತಡವಿದ. ಒಂದು ಮೂಲೆಯಲ್ಲಿ ಎಮ್ಮೆ ಚರ್ಮದಂಥ ಕಪ್ಪು ಹೆಂಟೆ ಕಲ್ಲಿಗೆ ಅಂಟಿಕೊಂಡಿತ್ತು. ಪಾಚಿ ಕಟ್ಟಿತ್ತು. ಕೈಗೆ ಬರಲಿಲ್ಲ. ಸಲಿಕೆಗೂ ಬಗ್ಗಲಿಲ್ಲ.

"ಎಷ್ಟು ವರ್ಷದ ಹೊಲಸಪಾ ಇದು! ಅಜ್ಜಾರ ಕಣ್ಣಿಗೇ ಬಿದ್ದಿಲ್ಲ," ಎಂದುಕೊಂಡು ಹಾರೆ ಹಾಕಿ ಮೀಟಿದ.

ಮೂರನೆಯ ಮೀಟಿಗೆ ಮೊರದಗಲದ ಹೆಂಟೆ ಎದ್ದು ಬಂತು. ಗುದ್ನೆಪ್ಪ ಅದನ್ನು ಎತ್ತಿ ದಡಕ್ಕೆಸೆದು, ಬೆವರು ಒರೆಸಿಕೊಂಡು, ಕಲ್ಲಿಗೊರಗಿ ತನ್ನ ಕೆಲಸವನ್ನು ತಾನೇ ನೋಡುತ್ತಾ ನಿಂತ.

ನೋಡುತ್ತಿದ್ದಂತೆ ಸೊಂಟದ ನೀರು ತೊಡೆಗೆ ಬಂತು.

ಕೆಳಗಿನಿಂದ ಅಜ್ಜ ಕೂಗಿದ.

"ಲೇ ಗುದ್ನ್ಯಾ! ನನ್ನ ತಪಸ್ಸಿಗೆ ಮೆಚ್ಚಿ ಗಂಗೆ ಬಂದಾಳೋ! ಬೆನ್ನಿನ ಕೆಳಗ ಹರಿಯಾಕ ಹತ್ತ್ಯಾಳ!"

*

ಕಲ್ಲಿನ ಮೂಲೆಯಲ್ಲಿ ಕೈ ತೂರುವಷ್ಟು ಸೀಳು.

ಗುದ್ನೆಪ್ಪ ಅದಕ್ಕೆ ಅಂಗೈ ಒತ್ತಿದ. ಹಿಮ್ಮಡಿ ಒತ್ತಿದ. ಅಂಗಿ ಕಳಚಿ ತುರುಕಿದ. ಅಂಗಿಯನ್ನು ಸೀಳು ಒಂದೇ ಗುಟುಕಿಗೆ ನುಂಗಿತು. ಹನ್ನೊಂದು ವರ್ಷದ ಹಿಂದಿನವರೆಗೆ ಊರ ಮಂದಿಯ ಪಂಕ್ಚರ್ ಮುಚ್ಚಿದವನು ಇವತ್ತು ಒಂದು ಗುಡ್ಡಕ್ಕೇ ಪಂಕ್ಚರ್ ಮಾಡಿದ್ದ.

ಅಜ್ಜ ತೊಯ್ದ ಬೆನ್ನಿನಲ್ಲೇ ಮೇಲೆ ಬಂದ. ನೋಡಿದ. ಹೊದ್ದಿದ್ದ ಕಾವಿ ಶಾಲನ್ನು ತೆಗೆದು, ಸುರುಳಿ ಸುತ್ತಿ, ಸೀಳಿಗೆ ತುಂಬಿ, ಮೇಲೆ ಒಂದು ಗುಂಡುಕಲ್ಲಿಟ್ಟು, ಅದರ ಮೇಲೆ ತಾನೇ ಕೂತ.

ಹರಿಯುವ ಸದ್ದು ನಿಂತಿತು.

ದೊಣೆಯಲ್ಲಿ ಉಳಿದದ್ದು ಒಂದು ಗೇಣು ನೀರು.

"ಬಯ್ರಿ ಅಜ್ಜಾರ," ಎಂದ ಗುದ್ನೆಪ್ಪ.

"ಬಯ್ಯಾಕ ಬಾಯಿ ಒಣಗೇತಿ. ನೀರು ಕೊಡು ಮೊದಲು."

ಗುದ್ನೆಪ್ಪ ಬೊಗಸೆಯಲ್ಲಿ ನೀರು ಕೊಟ್ಟ. ಅಜ್ಜ ಕುಡಿದ. ಬಯ್ಯಲಿಲ್ಲ.

"ಅದು ಹೊಲಸು ಅಲ್ಲರಿ?"

"ನಮ್ಮ ಗುರುವಿನ ಕೈ ಅದು. ಹುತ್ತದ ಮಣ್ಣು, ಸುಣ್ಣ, ಬೆಲ್ಲದ ನೀರು. ಮೂರು ದಿನ ತುಳಿದು, ನಾದಿ ಮೆತ್ತಿದ್ದ."

"ಹಂಗಾದ್ರ ಕಲ್ಲು ಮೊದಲೇ ಸೀಳಿತ್ತಲ್ರಿ!"

"ಸೀಳಿದಾಂವ ನಾನು."

ಗುದ್ನೆಪ್ಪ ತಲೆ ಎತ್ತಿದ.

"ಆಗ ನನಗ ಇಪ್ಪತ್ತೆರಡು ವರ್ಷ. ತಳದಾಗ ಒಂದು ಕಲ್ಲು ಸಿಕ್ಕೊಂಡಿತ್ತು. ಬಿಡಿಸಿ ದೊಣಿ ಇನ್ನೂ ಆಳ ಮಾಡ್ತೀನಿ ಅಂತ ಹಾರಿ ಹಾಕಿದೆ. ನಿನ್ನದೇನು ಮಹಾ ಸೋರಿಕಿ! ನಾ ಒಡದಾಗ ನೀರು ಹೆಂಗ ಹೋತಂದ್ರ, ಕೆಳಗ ಭತ್ತದ ಗದ್ದಿ ಆಗಿ ಎರಡು ಬೆಳಿ ತಗದ್ರು. ನೀ ಇನ್ನೂ ಕಲೀಬೇಕು."

ಗುದ್ನೆಪ್ಪನಿಗೆ ನಗು ಬಂತು. ಅದರ ಬೆನ್ನಿಗೇ ಅಳು ಬಂತು. ಎರಡೂ ಒಂದೇ ಸಲ ಬಂದು ಬಿಕ್ಕಳಿಕೆಯಾಯಿತು.

ಕೆಳಗೆ, ಕಲ್ಲುಗಳ ಸಂದಿಯಿಂದ ಆಡಿನ ಗಂಟೆ ಕೇಳಿಸತೊಡಗಿತು.

*

ದುರುಗವ್ವ ಆಡುಗಳ ಹಿಂದೆ ಏರಿ ಬಂದಾಗ ಹೊತ್ತು ಇಳಿಯುತ್ತಿತ್ತು. ಹೆಗಲ ಮೇಲೆ ಕೋಲು, ಮಡಿಲಲ್ಲಿ ಹಿಂದಿನ ದಿನ ಹುಟ್ಟಿದ ಮರಿ.

"ಶರಣ್ರಿ ಅಜ್ಜಾರ," ಎಂದವಳು ದೊಣೆ ನೋಡಿ ನಿಂತಲ್ಲೇ ನಿಂತಳು. "ನೀರು ಎಲ್ಲಿ ಹೋತು?"

ಗುದ್ನೆಪ್ಪ ಹಾರೆಯನ್ನು ಬೆನ್ನ ಹಿಂದೆ ಸರಿಸಿದ.

ಅಜ್ಜ ಕೂತಲ್ಲಿಂದಲೇ ಶುರುಮಾಡಿದ.

"ಏನ ಹೇಳಲೇ ದುರುಗವ್ವಾ! ಮಟಮಟ ಮಧ್ಯಾಹ್ನ ಒಂದು ಹೆಬ್ಬಾವು ಬಂತು. ಏಳು ಮಾರು ಉದ್ದ. ನನ್ನ ಕಣ್ಣಾಣಿ, ತಲಿ ಇಲ್ಲಿ, ಬಾಲ ಇನ್ನೂ ಹಿಂದಿನ ಗುಡ್ಡದಾಗ. ದೊಣಿಗೆ ಬಾಯಿ ಹಚ್ಚಿ ಕುಡೀತು ನೋಡು, ಗಟಗಟ! ನಮ್ಮ ಗುದ್ನೆಪ್ಪ ಇರಲಿಲ್ಲಂದ್ರ ಈ ಗೇಣು ನೀರೂ ಸಿಗತಿರಲಿಲ್ಲ. ಬಾಲ ಹಿಡದು ಜಗ್ಗಿ ಜಗ್ಗಿ..."

ಅಜ್ಜನ ಕೈಗಳು ಗಾಳಿಯಲ್ಲಿ ಹಾವಿನ ದಪ್ಪ ತೋರಿಸುತ್ತಿದ್ದವು. ದುರುಗವ್ವ ನಗಬೇಕೋ ಹೆದರಬೇಕೋ ತಿಳಿಯದೆ ಗುದ್ನೆಪ್ಪನ ಮುಖ ನೋಡಿದಳು.

ಆ ಕಥೆಯೊಳಗೆ ಬಂಡೆಯ ನೆರಳಿನಷ್ಟು ತಂಪಿತ್ತು. ಗುದ್ನೆಪ್ಪ ಬರೀ ತಲೆ ಆಡಿಸಿದರೆ ಸಾಕು. ಎಲ್ಲವನ್ನೂ ಹಾವು ಹೊತ್ತುಕೊಂಡು ಹೋಗುತ್ತಿತ್ತು. ನಾಳೆ ಐದನೆಯ ಗುಡ್ಡ, ನಾಡಿದ್ದು ಆರನೆಯದು, ಆಮೇಲೆ ಏಳನೆಯದು. ಆಮೇಲೆ ಸುತ್ತು ತನ್ನದು.

ಮಡಿಲಿನ ಮರಿ ದುರುಗವ್ವನ ಬೆರಳನ್ನೇ ಮೊಲೆ ಎಂದು ಚೀಪುತ್ತಿತ್ತು.

"ಹಾವಿಲ್ಲ ಯವ್ವಾ," ಎಂದ ಗುದ್ನೆಪ್ಪ. "ನಾ ಮಾಡಿದ್ದು. ಎಲಿ ತಗಿ ಅಂದಿದ್ರು ಅಜ್ಜಾರ. ನಾ ಹಾರಿ ಹಾಕಿ ತಳ ಕಿತ್ತೆ."

ಅಜ್ಜನ ಕೈಗಳು ಹಾವಿನ ದಪ್ಪದಷ್ಟೇ ಅಗಲ ಗಾಳಿಯಲ್ಲಿ ನಿಂತುಬಿಟ್ಟವು.

ದುರುಗವ್ವ ಮರಿಯನ್ನು ಕೆಳಗಿಟ್ಟಳು. ಮರಿ ಕೆಳಗಿಟ್ಟಳೆಂದರೆ ಬಯ್ಯಲು ಎರಡೂ ಕೈ ಬೇಕಾಗಿವೆ ಎಂದರ್ಥ.

"ಎಲಿ ತಗಿಯಾಕ ಹಾರಿ ಯಾಕ ಬೇಕಾತೋ ನಿನಗ? ಹೇನು ತಗಿಯಾಕ ಕೊಡ್ಲಿ ಹಿಡೀತಿ ಏನು? ಹನ್ನೊಂದು ವರ್ಷ ಅಜ್ಜಾರ ಬೆನ್ನು ಹತ್ತಿ ತಿರುಗಿ ಇದನ್ನ ಕಲತ್ಯಾ? ನಿನ್ನ ಬುದ್ಧಿ ನನ್ನ ಹೋತಕ್ಕ ಕೊಟ್ಟಿದ್ರ ಅದೂ ಒಲ್ಲೆ ಅಂತಿತ್ತು!"

"ಹೌದು ಯವ್ವಾ."

"ಏನ ಹೌದು! ಮೂರು ಮರಿ ನಿನ್ನೆ ಹುಟ್ಯಾವ. ಕೆಳಗಿನ ಬಾವಿ ಒಂದು ಹರದಾರಿ. ಸುತ್ತ ಮೆಣಸಿನಕಾಯಿ ತ್ವಾಟ. ಆಡು ಕಂಡ್ರ ಬಡಿಗಿ ಹಿಡಕೊಂಡು ಓಡಿ ಬರ್ತಾರ. ಎಲ್ಲಿ ಕುಡಿಸ್ಲಿ ಇವನ್ನ?"

"ಆಡು ಬಾವಿಗೆ ಹೋಗೂದು ಬ್ಯಾಡ. ನೀರು ಇಲ್ಲಿಗೆ ಬರ್ತಾವು. ನಾ ಸೈಕಲ್ ಮ್ಯಾಲ ತರ್ತೀನಿ."

"ರೋಹಿಣಿ ಮಳಿಗೆ ಇನ್ನೂ ಇಪ್ಪತ್ತೆರಡು ದಿನ ಐತಿ."

"ಇಪ್ಪತ್ತೆರಡು ದಿನ ತರ್ತೀನಿ."

"ಮಳಿ ತಡಾ ಆತಂದ್ರ?"

"ಇಪ್ಪತ್ಮೂರು."

ದುರುಗವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಸಿಲಿಗೆ ಬರಿಮೈ ಬೆಂದು ಕೆಂಪಾಗಿತ್ತು. ಅಂಗೈ ಹರಿದು ರಕ್ತ ಜಿನುಗುತ್ತಿತ್ತು.

ಅವಳು ಒಂದು ಆಡು ಹಿಡಿದು, ತಂಬಿಗೆಯಲ್ಲಿ ಹಾಲು ಕರೆದು, ಅವನ ಮುಂದೆ ಕುಕ್ಕಿದಳು.

"ಕುಡಿ. ಇಲ್ಲೇ ಸತ್ತುಗಿತ್ತೀಯ. ನಾಳಿಗೆ ನೀರು ತರೋರು ಯಾರು?"

*

ಬೆಳಕು ಹರಿಯುವ ಮುಂಚೆಯೇ ಗುದ್ನೆಪ್ಪ ಎದ್ದ. ದುರುಗವ್ವನ ಗುಡಾರದಲ್ಲಿದ್ದ ನಾಲ್ಕು ಪ್ಲಾಸ್ಟಿಕ್ ಕೊಡ ತಂದು ತನ್ನ ಸೈಕಲ್ಲಿನ ಕ್ಯಾರಿಯರಿಗೆ ಎರಡೂ ಬದಿಗೆ ಕಟ್ಟಿದ.

ಅಜ್ಜ ಅಷ್ಟು ಹೊತ್ತಿಗಾಗಲೇ ಸೀಳಿನ ಮೇಲೆ ತನ್ನ ಬದಲಿಗೆ ಇನ್ನೊಂದು ಕಲ್ಲು ಹೇರಿ ಬಂದು, ಹುತ್ತದ ಮಣ್ಣು ಒಟ್ಟು ಹಾಕಿ, ನೀರು ಚಿಮುಕಿಸಿ ನೆನೆಯಲು ಬಿಟ್ಟಿದ್ದ.

ಗುದ್ನೆಪ್ಪ ಅವನ ಮುಂದೆ ನಿಂತ. ಮಾತು ಗಂಟಲಿನಿಂದ ಹೊರಬರುವುದು ಆ ಕರಿ ಹೆಂಟೆ ಕಲ್ಲಿನಿಂದ ಎದ್ದು ಬಂದದ್ದಕ್ಕಿಂತ ಕಷ್ಟವಾಯಿತು.

"ಅಜ್ಜಾರ, ಮಳಿ ಬೀಳೂತನ ನಾ ಇಲ್ಲಿಂದ ಕದಲಾಂಗಿಲ್ರಿ. ಉಳಿದ ಮೂರು ಗುಡ್ಡ ನನ್ನಿಂದ ಆಗಂಗಿಲ್ಲ."

"ಹೂಂ."

"ಸುತ್ತು ಯಾರಿಗೆ ಕೊಡ್ತೀರೋ ಕೊಡ್ರಿ. ನನಗ ಬ್ಯಾಸರಿಲ್ಲ."

ಬೇಸರವಿಲ್ಲ ಎಂದವನ ಕಣ್ಣು ತುಂಬಿತ್ತು. ಅದನ್ನು ಆ ಗುಡ್ಡದ ಮೇಲೆ ಎತ್ತರದಲ್ಲಿ ಸುತ್ತುವ ಗಿಡಗ ಕೂಡ ಕಂಡಿರಬೇಕು.

ಅಜ್ಜ ಎದ್ದು ಬಂದ. ಗುದ್ನೆಪ್ಪನ ಸೈಕಲ್ಲಿನಿಂದ ಎರಡು ಕೊಡ ಬಿಚ್ಚಿದ. ತನ್ನ ಸೈಕಲ್ಲಿಗೆ ಕಟ್ಟತೊಡಗಿದ.

"ಕೊಡೂದೇನು ಬಂತು? ಕೊಟ್ಟಾತಲ್ಲ."

"ಯಾರಿಗ್ರಿ? ಯಾವಾಗ್ರಿ?"

"ನಿನ್ನೆ ಸಂಜೀಕ. ನಾ ಸಾಕಿ ಸಲುಹಿದ ಹೆಬ್ಬಾವನ್ನ ಒಂದೇ ಮಾತಿಗೆ ಕೊಂದ್ಯಲ್ಲ, ಆವಾಗ."

ಗುದ್ನೆಪ್ಪ ಬಗ್ಗಿ ಅಜ್ಜನ ಕಾಲು ಮುಟ್ಟಲು ಹೋದ. ಅಜ್ಜ ಕಾಲು ಹಿಂದೆಳೆದುಕೊಂಡ.

"ಕಾಲು ಆಮ್ಯಾಲ. ಹಗ್ಗ ಹಿಡಿ."

"ನೀವ್ಯಾಕ್ರಿ ಬರೂದು? ಮಣಕಾಲು ನೋಯ್ತಾವು ನಿಮಗ."

"ನನ್ನ ಮಣಕಾಲು? ಲೇ, ಈ ಮಣಕಾಲಿನ ಮ್ಯಾಲ ನಾ ಒಂದು ಸಲ..."

ಅಜ್ಜ ಅಲ್ಲಿಗೇ ನಿಲ್ಲಿಸಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ಕಥೆ ನಡುದಾರಿಯಲ್ಲೇ ನಿಂತಿತು.

ಇಬ್ಬರೂ ಹಗ್ಗ ಬಿಗಿದರು. ದುರುಗವ್ವನ ಆಡುಗಳು ಎದ್ದು ಮೈ ಕೊಡವಿಕೊಳ್ಳುತ್ತಿದ್ದವು.

"ಅಜ್ಜಾರ," ಎಂದ ಗುದ್ನೆಪ್ಪ ಮೆಲ್ಲಗೆ. "ಅವತ್ತು ನೀವು ಒಡದಾಗ ಆಡಿನವರಿಗೆ ಏನಂತ ಹೇಳಿದ್ರಿ?"

ಅಜ್ಜ ಹಾಕಿದ ಗಂಟನ್ನು ಬಿಚ್ಚಿದ. ಮತ್ತೆ ಹಾಕಿದ.

"ಸಿಡಿಲು ಬಡೀತು ಅಂದೆ."

"ನಂಬಿದ್ರೇನು?"

"ಎಲ್ಲಾರೂ ನಂಬಿದ್ರು. ಗುರುವೊಬ್ಬ ನಂಬಲಿಲ್ಲ. ಏನೂ ಅನ್ನಲೂ ಇಲ್ಲ. ಮಳಿ ಬೀಳೂತನ ತಾನ ನೀರು ಹೊತ್ತ."

"ಮತ್ತ ಸಿಡಿಲು?"

ಅಜ್ಜ ಸೈಕಲ್ಲಿನ ಸ್ಟ್ಯಾಂಡು ತೆಗೆದು, ಒಂದು ಕಾಲು ಪೆಡಲ್ಲಿನ ಮೇಲಿಟ್ಟ.

"ಐವತ್ತೆರಡು ವರ್ಷ ಆತು ತಮ್ಮಾ. ಅದು ನನ್ನ ತಲಿ ಮ್ಯಾಲೇ ನಿಂತೈತಿ, ಇನ್ನೂ ನೆಲ ಮುಟ್ಟಿಲ್ಲ."